ಮುಚ್ಚಳ ಮುಚ್ಚಿದಾಗ ಉತ್ತರ ಕೊಡುವವರು ಯಾರು?

(ಲಿನಕ್ಸ್ ಬಳಸುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ಟೈಪ್ ಮಾಡಿ ತೋರಿಸಿದ ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳಿದ ಹಾಗೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಯಾಗಿನ ಜಿಪ್ ಎಳೆದಾಗ ಒಳಗಿನಿಂದ ಬಿಸಿ ಗಾಳಿ ಕೈಗೆ ತಾಗಿತು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಎರಡು ಗಂಟೆಯ ಮೇಲಾಗಿತ್ತು. ಆದರೂ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು, ತಳ ಮುಟ್ಟಲಾಗದಷ್ಟು ಸುಡುತ್ತಿತ್ತು, ಬ್ಯಾಟರಿ ಇನ್ನೇನು ಮುಗಿಯುವುದರಲ್ಲಿತ್ತು. ನಾನಂತೂ ಅದು ಮಲಗಿದೆ ಎಂದೇ ನಂಬಿ ಬ್ಯಾಗಿಗೆ ಹಾಕಿದ್ದೆ.

ಆ ಸಂಜೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಲಾಗಿನ್‌ಡಿ ಡಾಟ್ ಕಾನ್ಫ್ ಎಂಬ ಸೆಟ್ಟಿಂಗ್ ಫೈಲ್ ತೆರೆದೆ, ಮುಚ್ಚಳದ ಸಾಲು ಹುಡುಕಿದೆ, ಅಲ್ಲಿ ಸಸ್ಪೆಂಡ್ (ಮಲಗು) ಎಂದು ಬರೆದೆ, ರೀಬೂಟ್ ಮಾಡಿದೆ, ಮುಚ್ಚಳ ಮುಚ್ಚಿದೆ. ಫ್ಯಾನ್ ತಿರುಗುತ್ತಲೇ ಇತ್ತು. ಸಾಲನ್ನು ಬೇರೆ ರೀತಿ ಬರೆದು ನೋಡಿದೆ. ಮತ್ತೆ ರೀಬೂಟ್. ಹೀಗೆ ಸುಮಾರು ಎರಡು ಗಂಟೆ ಹೋಯಿತು. ಒಂದು ವಿಷಯ ಅವತ್ತು ತಲೆಗೆ ಹೋಗಲಿಲ್ಲ: ಯಂತ್ರವನ್ನು ಒಂದು ಮಾತೂ ಕೇಳದೆ ನಾನು ಬರೀ ಅಪ್ಪಣೆ ಕೊಡುತ್ತಿದ್ದೆ. ಆ ಅಪ್ಪಣೆ ಯಾರಿಗೆ ತಲುಪುತ್ತಿದೆ, ತಲುಪಿದ ಮೇಲೆ ಅದನ್ನು ತಡೆಯುತ್ತಿರುವವರು ಯಾರು ಎಂದು ನೋಡಿರಲಿಲ್ಲ. ಇವತ್ತು ಮಾತಾಡುವುದು ಆ ನೋಡುವ ಕೆಲಸದ ಬಗ್ಗೆಯೇ.

ಸುದ್ದಿ ಸಾಗುವ ದಾರಿ

ಮುಚ್ಚಳ ಮುಚ್ಚುವುದೆಂದರೆ ಒಂದು ಗುಂಡಿ ಒತ್ತಿದಷ್ಟೇ ಸರಳ ಎಂದು ಹೊರಗಿನಿಂದ ಅನಿಸುತ್ತದೆ. ಒಳಗೆ ಅದು ಕೈಯಿಂದ ಕೈಗೆ ದಾಟುವ ಸುದ್ದಿ. ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ, ಕೀಬೋರ್ಡಿನ ಕಡೆ ಹಾಲ್ ಸೆನ್ಸರ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಒತ್ತಿದರೆ ಒಳಗೆ ಹೋಗುವ ಸಣ್ಣ ಕಡ್ಡಿಯಂಥ ಸ್ವಿಚ್ ಇತ್ತು. ಅಯಸ್ಕಾಂತ ಹತ್ತಿರ ಬಂದದ್ದು ಸೆನ್ಸರಿಗೆ ಗೊತ್ತಾಗುತ್ತದೆ. ಅದು ಮದರ್‌ಬೋರ್ಡಿನ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್‌ಗೆ ತಿಳಿಸುತ್ತದೆ, ಕಂಟ್ರೋಲರ್ ಎಸಿಪಿಐ ಮೂಲಕ ಕರ್ನೆಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ತಿಳಿಸುತ್ತದೆ. ಎಸಿಪಿಐ ಎಂದರೆ 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಹೊರತಂದ ವಿದ್ಯುತ್ ನಿರ್ವಹಣೆಯ ಒಪ್ಪಂದ. ಫರ್ಮ್‌ವೇರ್ (ಯಂತ್ರದ ಚಿಪ್‌ನಲ್ಲೇ ಕೂತ ಸಾಫ್ಟ್‌ವೇರ್) ಮತ್ತು ಆಪರೇಟಿಂಗ್ ಸಿಸ್ಟಂ ಈ ವಿಷಯದಲ್ಲಿ ಇವತ್ತಿಗೂ ಆ ಭಾಷೆಯಲ್ಲೇ ಮಾತಾಡುತ್ತವೆ.

(ಅಯಸ್ಕಾಂತದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನು ತೆರೆದಿಟ್ಟು ಕೆಲಸ ಮಾಡಿದರೆ, ಅಥವಾ ಅಯಸ್ಕಾಂತ ಇರುವ ಫೋನ್ ಕವರನ್ನು ಕೈ ಊರುವ ಜಾಗದಲ್ಲಿ ಇಟ್ಟರೆ, ಮುಚ್ಚಳ ತೆರೆದೇ ಇದ್ದರೂ ಯಂತ್ರ ದಿಢೀರನೆ ಮಲಗಬಹುದು. ಸಾಫ್ಟ್‌ವೇರ್ ದೂರುವ ಮೊದಲು ಒಮ್ಮೆ ಮೇಜಿನ ಮೇಲೆ ಕಣ್ಣಾಡಿಸಿ.)

ಕರ್ನೆಲ್ ಏನು ಮಾಡುತ್ತದೆ? "ಮುಚ್ಚಳ ಮುಚ್ಚಿದೆ" ಎಂಬ ಇನ್‌ಪುಟ್ ಈವೆಂಟ್ ಒಂದನ್ನು ಹೊರಗೆ ಬಿಡುತ್ತದೆ, ಅಲ್ಲಿಗೆ ಅದರ ಪಾತ್ರ ಮುಗಿಯಿತು. ಮಲಗಬೇಕೋ ಬೇಡವೋ ಎಂದು ಅದು ತಾನಾಗಿ ತೀರ್ಮಾನಿಸುವುದಿಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿ ನೆನಪಿಡಿ. ತೀರ್ಮಾನ ಮಾಡುವವರು ಮೇಲೆ ಕೂತಿದ್ದಾರೆ, ಮತ್ತು ಅಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರಬಹುದು. ಸಿಸ್ಟಂಡಿ (ಸೇವೆಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು, ನೋಡಿಕೊಳ್ಳುವ ಸಾಫ್ಟ್‌ವೇರ್) ಇರುವ ವ್ಯವಸ್ಥೆಗಳಲ್ಲಿ ಲಾಗಿನ್‌ಡಿ ಎಂಬ ಸೇವೆ ಈ ಈವೆಂಟನ್ನು ಕಾಯುತ್ತಿರುತ್ತದೆ. ಅದರ ಜೊತೆಗೆ ನಿಮ್ಮ ಡೆಸ್ಕ್‌ಟಾಪಿನ (ಪರದೆಯ ಮೇಲೆ ಕಿಟಕಿ, ಮೆನು ತೋರಿಸುವ ಪರಿಸರದ) ಪವರ್ ಮ್ಯಾನೇಜರ್ ಕೂಡ ಕಾಯುತ್ತಿರಬಹುದು. ವರ್ಷಗಟ್ಟಲೆ ಅಪ್‌ಗ್ರೇಡ್ ಆಗುತ್ತಲೇ ಬಂದ ಹಳೆಯ ಇನ್‌ಸ್ಟಾಲೇಶನ್ ಆಗಿದ್ದರೆ, ಎಸಿಪಿಐಡಿ ಎಂಬ ಹಳೆಯ ಸೇವೆಯೂ ತನ್ನ ಸ್ಕ್ರಿಪ್ಟ್ ಹಿಡಿದು ಕೂತಿರಬಹುದು. ಇಬ್ಬರು ಒಟ್ಟಿಗೆ ಉತ್ತರ ಕೊಟ್ಟರೆ ಯಂತ್ರ ಮಲಗಿ, ಎದ್ದ ತಕ್ಷಣ ಮತ್ತೆ ಮಲಗುತ್ತದೆ. ಯಾರೂ ಉತ್ತರ ಕೊಡದಿದ್ದರೆ ಬ್ಯಾಗು ಬಿಸಿಯಾಗುತ್ತದೆ.

ಮೊದಲ ಪ್ರಶ್ನೆ

ಹಾಗಾಗಿ ಮೊದಲು ಎರಡು ತೊಂದರೆಗಳನ್ನು ಬಿಡಿಸಿ ನೋಡಬೇಕು. ಮಲಗಲು ಬರುವುದಿಲ್ಲ ಎನ್ನುವುದು ಒಂದು. ಮಲಗಲು ಬರುತ್ತದೆ, ಆದರೆ ಮುಚ್ಚಳದ ಸುದ್ದಿ ಸರಿಯಾದ ಕೈಗೆ ಹೋಗುತ್ತಿಲ್ಲ ಎನ್ನುವುದು ಇನ್ನೊಂದು. ಇವೆರಡರ ಮದ್ದು ಪೂರ್ತಿ ಬೇರೆ.

ಬಿಡಿಸುವುದು ಸುಲಭ. ಮುಚ್ಚಳ ತೆರೆದೇ ಇರಲಿ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) "ಸಿಸ್ಟಂಸಿಟಿಎಲ್ ಸಸ್ಪೆಂಡ್" ಎಂದು ಕೊಡಿ. ಪರದೆ ಆರಿ, ಫ್ಯಾನ್ ನಿಂತು, ಕೀಲಿ ಒತ್ತಿದಾಗ ಮತ್ತೆ ಎದ್ದು ಬಂದರೆ ನಿದ್ದೆ ಸರಿಯಾಗಿದೆ, ತೊಂದರೆ ಮುಚ್ಚಳದ ದಾರಿಯಲ್ಲಿದೆ. ಪರದೆ ಕಪ್ಪಾಗಿ ಏನೂ ಎಚ್ಚರವಾಗದಿದ್ದರೆ, ಅಥವಾ ಮಲಗಿದ ಕ್ಷಣವೇ ಎದ್ದರೆ, ತೊಂದರೆ ಡ್ರೈವರಿನದೋ ಫರ್ಮ್‌ವೇರಿನದೋ. ಲಾಗಿನ್‌ಡಿಯ ಫೈಲನ್ನು ಎಷ್ಟು ತಿದ್ದಿದರೂ ಅದು ಸರಿಹೋಗುವುದಿಲ್ಲ. ಎದ್ದೇಳುತ್ತದೋ ಇಲ್ಲವೋ ಎಂಬ ಭಯ ಇದ್ದರೆ "ಆರ್‌ಟಿಸಿವೇಕ್" ಎಂಬ ಸಾಧನ ಇದೆ. ಒಂದು ನಿಮಿಷ ಮಲಗಿ ಗಡಿಯಾರದ ಕರೆಗೆ ತಾನೇ ಎದ್ದು ಬಾ ಎಂದು ಅದರ ಮೂಲಕ ಹೇಳಬಹುದು.

ಈ ಒಂದು ಪರೀಕ್ಷೆಗೆ ಒಂದೇ ನಿಮಿಷ ಸಾಕು. ಅದನ್ನು ನಾನು ಮೊದಲೇ ಮಾಡಿದ್ದರೆ ನನ್ನ ಆ ಸಂಜೆಯ ಅರ್ಧ ಉಳಿಯುತ್ತಿತ್ತು, ಯಾಕೆಂದರೆ ನನ್ನ ಯಂತ್ರ ಆ ಕಮಾಂಡಿಗೆ ಚೆನ್ನಾಗಿಯೇ ಮಲಗುತ್ತಿತ್ತು.

ಲಾಗ್ ಓದುವುದು

ಎರಡನೆಯದು ಜರ್ನಲ್, ಅಂದರೆ ಸಿಸ್ಟಂಡಿ ಇಡುವ ಲಾಗ್, ನಡೆದದ್ದರ ದಾಖಲೆ. "ಜರ್ನಲ್‌ಸಿಟಿಎಲ್" ಕಮಾಂಡಿಗೆ ಈ ಬೂಟಿನದ್ದು ಮಾತ್ರ, ಸಿಸ್ಟಂಡಿ-ಲಾಗಿನ್‌ಡಿಯದ್ದು ಮಾತ್ರ ತೋರಿಸು ಎಂದು ಹೇಳಿ. ಎಲ್ಲ ಸರಿ ಇದ್ದ ಯಂತ್ರದಲ್ಲಿ "ಲಿಡ್ ಕ್ಲೋಸ್ಡ್" ಎಂಬ ಸಾಲು, ಅದರ ಬೆನ್ನಿಗೇ "ಸಸ್ಪೆಂಡಿಂಗ್" ಎಂಬ ಸಾಲು ಕಾಣುತ್ತದೆ. ಕರ್ನೆಲ್‌ನ ಸಾಲುಗಳನ್ನೂ ಸೇರಿಸಿ ನೋಡಿದರೆ "ಪಿಎಂ: ಸಸ್ಪೆಂಡ್ ಎಂಟ್ರಿ" ಮತ್ತು ಎದ್ದಾಗ "ಪಿಎಂ: ಸಸ್ಪೆಂಡ್ ಎಗ್ಸಿಟ್" ಇರುತ್ತವೆ. ಆಮೇಲೆ "ಲಿಡ್ ಓಪನ್ಡ್".

ಈ ಸರಪಳಿ ಎಲ್ಲಿ ತುಂಡಾಗಿದೆ ಎಂದು ನೋಡುವುದೇ ರೋಗ ಪತ್ತೆ. "ಲಿಡ್ ಕ್ಲೋಸ್ಡ್" ಸಾಲೇ ಇಲ್ಲ ಎಂದರೆ ಸುದ್ದಿ ಲಾಗಿನ್‌ಡಿಯವರೆಗೆ ಬಂದೇ ಇಲ್ಲ. ಸೆನ್ಸರ್, ಫರ್ಮ್‌ವೇರ್, ಕರ್ನೆಲ್ ಕಡೆ ಹೋಗಿ. ಆ ಸಾಲು ಇದ್ದು "ಸಸ್ಪೆಂಡಿಂಗ್" ಇಲ್ಲ ಎಂದರೆ ಸುದ್ದಿ ಬಂತು, ಆದರೆ ಲಾಗಿನ್‌ಡಿ ಸುಮ್ಮನಿತ್ತು. ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲಿನಲ್ಲಿ) ಬೇಡ ಎಂದಿದೆಯೋ, ಯಾರೋ ಕೈ ಹಿಡಿದು ತಡೆದಿದ್ದಾರೋ, ಹೊರಗಿನ ಮಾನಿಟರ್ ಇದೆ ಎಂದು ಅದು ನಂಬಿದೆಯೋ, ಈ ಮೂರರಲ್ಲಿ ಒಂದು. ಎರಡೂ ಸಾಲು ಇದ್ದು "ಎಂಟ್ರಿ" ಆದ ಕೆಲವೇ ಸೆಕೆಂಡಿಗೆ "ಎಗ್ಸಿಟ್" ಇದ್ದರೆ ಯಂತ್ರ ಮಲಗಿತು, ಯಾರೋ ಎಬ್ಬಿಸಿದರು.

ಸುದ್ದಿ ಬಂದೇ ಇಲ್ಲ ಎಂದಾದರೆ ಕೆಳಗಿನ ಹಂತವನ್ನು ನೇರವಾಗಿ ನೋಡಬಹುದು. "ಲಿಬ್‌ಇನ್‌ಪುಟ್ ಡೀಬಗ್-ಈವೆಂಟ್ಸ್" ಅಥವಾ "ಈವಿಟೆಸ್ಟ್" ಓಡಿಸಿ ಮುಚ್ಚಳ ಮುಚ್ಚಿ ತೆರೆದರೆ ಸ್ವಿಚ್ ಬದಲಾದ ಸಾಲು ಬೀಳಬೇಕು. ಆದರೆ ಮುಚ್ಚಳ ಮುಚ್ಚಿದರೆ ಪರದೆ ಕಾಣುವುದಿಲ್ಲವಲ್ಲ? ತೆರೆದ ಮೇಲೆ ಸಾಲುಗಳನ್ನು ಓದಬಹುದು, ಅಥವಾ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ) ನೋಡಬಹುದು. ನಾನು ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡಿದ್ದೇನೆ. ಕೀಬೋರ್ಡಿನ ಸುತ್ತಲಿನ ಅಂಚಿನಲ್ಲಿ ಮೆಲ್ಲಗೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಸಾಲು ಬೀಳುತ್ತದೆ. ಸೆನ್ಸರ್ ಅಲ್ಲೇ ಇದೆ. ಮುಚ್ಚಳ ತೆರೆದಿಟ್ಟುಕೊಂಡೇ ಮುಚ್ಚಿದಾಗ ಆಗುವುದನ್ನೆಲ್ಲ ಕಣ್ಣೆದುರಿಗೆ ನೋಡಬಹುದು. ಒಮ್ಮೆ ಮಾಡಿ ನೋಡಿ, ಈ ಇಡೀ ವಿಷಯದ ಮೇಲಿನ ಭಯ ಹೋಗಿಬಿಡುತ್ತದೆ.

ಮೂವತ್ತು ಸೆಕೆಂಡು

ಇಲ್ಲಿ ಒಂದು ಎಚ್ಚರಿಕೆ. ಪರೀಕ್ಷೆ ಮಾಡುವವರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಇದೇ ಎಂದು ನನ್ನ ಅನಿಸಿಕೆ.

ಲಾಗಿನ್‌ಡಿಯಲ್ಲಿ "ಹೋಲ್ಡ್‌ಆಫ್‌ಟೈಮ್‌ಔಟ್‌ಸೆಕ್" ಎಂಬ ಒಂದು ಸೆಟ್ಟಿಂಗ್ ಇದೆ. ಅದರ ಮೂಲ ಬೆಲೆ (ನಾವು ಬದಲಿಸದಿದ್ದರೆ ಇರುವ ವ್ಯಾಲ್ಯೂ) 30 ಸೆಕೆಂಡು. ಯಂತ್ರ ಬೂಟ್ ಆದ ಮೇಲೆ, ಅಥವಾ ನಿದ್ದೆಯಿಂದ ಎದ್ದ ಮೇಲೆ, ಇಷ್ಟು ಹೊತ್ತು ಲಾಗಿನ್‌ಡಿ ಮುಚ್ಚಳದ ಸುದ್ದಿಗೆ ಸ್ಪಂದಿಸುವುದಿಲ್ಲ. ಕಾರಣವೂ ಸರಿಯಾದದ್ದೇ. ಎದ್ದ ತಕ್ಷಣ ಹೊರಗಿನ ಮಾನಿಟರ್, ಡಾಕ್ (ಮಾನಿಟರ್, ಕೀಬೋರ್ಡ್‌ಗಳನ್ನು ಒಟ್ಟಿಗೆ ಜೋಡಿಸುವ ಪೆಟ್ಟಿಗೆ) ಮುಂತಾದವು ಇವೆಯೋ ಇಲ್ಲವೋ ಎಂದು ಕರ್ನೆಲ್‌ಗೆ ಇನ್ನೂ ಪೂರ್ತಿ ಗೊತ್ತಾಗಿರುವುದಿಲ್ಲ. ಅಷ್ಟರಲ್ಲಿ ಆತುರಪಟ್ಟು ಮಲಗಿಸಿದರೆ, ಡಾಕ್‌ಗೆ ಸಿಕ್ಕಿಸಿ ಮುಚ್ಚಳ ಮುಚ್ಚಿಯೇ ಬಳಸುವವರ ಕೆಲಸ ಕೆಡುತ್ತದೆ.

ಈಗ ನೀವು ಸೆಟ್ಟಿಂಗ್ ಬದಲಿಸಿ ಪರೀಕ್ಷಿಸುತ್ತಿದ್ದೀರಿ ಎಂದುಕೊಳ್ಳಿ. ಮುಚ್ಚಿದಿರಿ, ಮಲಗಿತು. ಸಂತೋಷಪಟ್ಟು ತೆರೆದಿರಿ, ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ತಕ್ಷಣ ಮುಚ್ಚಿದಿರಿ. ಮಲಗಲಿಲ್ಲ! ಕೆಟ್ಟುಹೋಯಿತು ಎಂದುಕೊಂಡು ಫೈಲನ್ನು ಮತ್ತೆ ಬದಲಿಸುತ್ತೀರಿ. ನಿಜದಲ್ಲಿ ಏನೂ ಕೆಟ್ಟಿರಲಿಲ್ಲ, 30 ಸೆಕೆಂಡು ಮುಗಿದಿರಲಿಲ್ಲ ಅಷ್ಟೆ. ಪ್ರತಿ ಪರೀಕ್ಷೆಯ ನಡುವೆ ಒಂದು ನಿಮಿಷ ಬಿಡಿ. ಗಡಿಯಾರ ನೋಡಿಕೊಂಡೇ ಬಿಡಿ.

ಫೈಲಿನ ಮಾತು

ಈಗ ಆ ಪ್ರಸಿದ್ಧ ಫೈಲಿಗೆ ಬರೋಣ. ಈಟಿಸಿ ಕೆಳಗೆ ಸಿಸ್ಟಂಡಿ ಫೋಲ್ಡರ್, ಅದರಲ್ಲಿ ಲಾಗಿನ್‌ಡಿ ಡಾಟ್ ಕಾನ್ಫ್. ಮುಚ್ಚಳಕ್ಕೆ ಸಂಬಂಧಿಸಿದ ಮುಖ್ಯ ಸಾಲುಗಳು ಮೂರು. ಹ್ಯಾಂಡಲ್‌ಲಿಡ್‌ಸ್ವಿಚ್, ಇದರ ಮೂಲ ಬೆಲೆ ಸಸ್ಪೆಂಡ್. ಹ್ಯಾಂಡಲ್‌ಲಿಡ್‌ಸ್ವಿಚ್‌ಡಾಕ್ಡ್, ಇದರ ಮೂಲ ಬೆಲೆ ಇಗ್ನೋರ್ (ಸುಮ್ಮನಿರು). ಹ್ಯಾಂಡಲ್‌ಲಿಡ್‌ಸ್ವಿಚ್‌ಎಕ್ಸ್‌ಟರ್ನಲ್‌ಪವರ್, ಇದಕ್ಕೆ ನೀವಾಗಿ ಬೆಲೆ ಕೊಡದಿದ್ದರೆ ಮೊದಲನೆಯದರ ಬೆಲೆಯೇ ಅನ್ವಯ. ಲಾಗಿನ್‌ಡಿ ಇವನ್ನು ನೋಡುವ ಕ್ರಮವೂ ಮುಖ್ಯ. ಡಾಕ್ ಅಥವಾ ಹೊರಗಿನ ಮಾನಿಟರ್ ಇದೆಯೇ ಎಂದು ಮೊದಲು ನೋಡುತ್ತದೆ. ಇಲ್ಲದಿದ್ದರೆ ಚಾರ್ಜರ್ ಸಿಕ್ಕಿಸಿದೆಯೇ ಎಂದು ನೋಡುತ್ತದೆ. ಅದೂ ಇಲ್ಲದಿದ್ದರೆ ಮಾತ್ರ ಸಾದಾ ಸಾಲು.

ಫೈಲ್ ತೆರೆದಾಗ ಸಾಲುಗಳ ಮೊದಲಲ್ಲಿ ಹ್ಯಾಶ್ ಗುರುತು (#) ಕಾಣುತ್ತದೆ. ಆ ಗುರುತು ಇರುವ ಸಾಲು ಬರೀ ಮಾಹಿತಿ, ಮೂಲ ಬೆಲೆ ಏನು ಎಂದು ತಿಳಿಸಲು ಇಟ್ಟದ್ದು. ಬೆಲೆ ಬದಲಿಸಿ ಹ್ಯಾಶ್ ತೆಗೆಯಲು ಮರೆತರೆ ಏನೂ ಬದಲಾಗುವುದಿಲ್ಲ. ಹೊಸಬರು ಇಲ್ಲಿ ಎಡವುವುದನ್ನು ಬಹಳ ಸಲ ನೋಡಿದ್ದೇನೆ, ಆದ್ದರಿಂದ ಸಣ್ಣ ವಿಷಯ ಎಂದು ಬಿಡದೆ ಹೇಳುತ್ತಿದ್ದೇನೆ.

ಮೂಲ ಫೈಲನ್ನೇ ತಿದ್ದುವುದಕ್ಕಿಂತ ಅದರ ಪಕ್ಕ "ಲಾಗಿನ್‌ಡಿ ಡಾಟ್ ಕಾನ್ಫ್ ಡಾಟ್ ಡಿ" ಎಂಬ ಫೋಲ್ಡರ್ ಮಾಡಿ, ನಿಮ್ಮ ಎರಡು ಸಾಲಿನ ಪುಟ್ಟ ಫೈಲನ್ನು ಅದರೊಳಗೆ ಇಡುವುದು ಒಳ್ಳೆಯದು. ಮೇಲೆ ಲಾಗಿನ್ ಎಂಬ ತಲೆಬರಹ ಚೌಕ ಕಂಸದೊಳಗೆ ಇರಲಿ. ನೀವು ಏನು ಬದಲಿಸಿದ್ದೀರಿ ಎಂಬುದು ಎರಡು ವರ್ಷದ ಮೇಲೂ ಒಂದೇ ಕಡೆ ಸಿಗುತ್ತದೆ. ಎಲ್ಲ ಫೈಲುಗಳೂ ಸೇರಿದ ಮೇಲೆ ಕೊನೆಗೆ ಯಾವ ಸಾಲು ಗೆದ್ದಿದೆ ಎಂದು ನೋಡಲು "ಸಿಸ್ಟಂಡಿ-ಅನಲೈಸ್ ಕ್ಯಾಟ್-ಕಾನ್ಫಿಗ್" ಇದೆ.

ಇನ್ನು, ಬದಲಿಸಿದ್ದನ್ನು ಲಾಗಿನ್‌ಡಿ ಓದಬೇಕಲ್ಲ. ಸೇವೆಯನ್ನು ರೀಸ್ಟಾರ್ಟ್ ಮಾಡಿ ಎಂದು ಬಹಳ ಕಡೆ ಬರೆದಿರುತ್ತಾರೆ. ಕೆಲವು ವ್ಯವಸ್ಥೆಗಳಲ್ಲಿ ಹಾಗೆ ಮಾಡಿದರೆ ಗ್ರಾಫಿಕಲ್ ಸೆಶನ್ ಬಿದ್ದು, ಸೇವ್ ಮಾಡದ ಕೆಲಸ ಹೋಗಬಹುದು. ಲಾಗಿನ್‌ಡಿಗೆ ಹ್ಯಾಂಗಪ್ ಸಿಗ್ನಲ್ ಕಳಿಸಿದರೆ ಅದು ಕಾನ್ಫಿಗ್ ಮಾತ್ರ ಮತ್ತೆ ಓದಿಕೊಳ್ಳುತ್ತದೆ. ಅದೂ ಬೇಡ ಎನಿಸಿದರೆ ಎಲ್ಲ ಮುಚ್ಚಿ ಒಮ್ಮೆ ರೀಬೂಟ್ ಮಾಡಿ.

ಕೈ ಹಿಡಿದವರು

ನನ್ನ ಯಂತ್ರದ ಕಥೆ ಬಿಚ್ಚಿಕೊಂಡದ್ದು ಇಲ್ಲಿ. ಮರುದಿನ ಬೆಳಿಗ್ಗೆ ಜರ್ನಲ್ ನೋಡಿದೆ. "ಲಿಡ್ ಕ್ಲೋಸ್ಡ್" ಎಂಬ ಸಾಲು ಪ್ರತಿ ಸಲವೂ ಇತ್ತು. "ಸಸ್ಪೆಂಡಿಂಗ್" ಒಂದು ಸಲವೂ ಇರಲಿಲ್ಲ. ಕಾನ್ಫಿಗ್ ಸರಿಯಾಗಿತ್ತು. ಹೊರಗಿನ ಮಾನಿಟರ್ ಇರಲಿಲ್ಲ. ಹಾಗಾದರೆ ಉಳಿದದ್ದು ಒಂದೇ.

ತಡೆಗಳನ್ನು ತೋರಿಸುವ, ಹಾಕುವ "ಸಿಸ್ಟಂಡಿ-ಇನ್‌ಹಿಬಿಟ್" ಎಂಬ ಕಮಾಂಡಿಗೆ ಲಿಸ್ಟ್ ಎಂಬ ಆಯ್ಕೆ ಕೊಟ್ಟು ಓಡಿಸಿದೆ. ಒಂದು ಪಟ್ಟಿ ಬಂತು. ಯಾರು, ಯಾವುದನ್ನು ತಡೆದಿದ್ದಾರೆ, ಯಾಕೆ, ಯಾವ ಬಗೆಯಲ್ಲಿ ಎಂದು ಕಂಬಗಳು (ಕಾಲಂಗಳು) ಇದ್ದವು. ಸಾಲುಗಳನ್ನು ಒಂದೊಂದಾಗಿ ಓದಿದೆ. ನೆಟ್‌ವರ್ಕ್‌ಮ್ಯಾನೇಜರ್ ಸ್ಲೀಪ್‌ಗೆ ತಡೆ ಹಾಕಿತ್ತು, ಆದರೆ ಬಗೆಯ ಕಂಬದಲ್ಲಿ ಡಿಲೇ ಎಂದಿತ್ತು. ಇದು ಸಹಜ. ಮಲಗುವ ಮೊದಲು ನೆಟ್‌ವರ್ಕ್ ಕಳಚಿಕೊಳ್ಳಲು ಒಂದೆರಡು ಕ್ಷಣ ಕೊಡಿ ಎಂಬ ಬೇಡಿಕೆ ಅದು. ಲಾಗಿನ್‌ಡಿ ಇಂಥವರಿಗೆ ಮೂಲ ಸೆಟ್ಟಿಂಗ್‌ನಲ್ಲಿ ಹೆಚ್ಚೆಂದರೆ 5 ಸೆಕೆಂಡು ಕಾಯುತ್ತದೆ. ಬ್ಯಾಟರಿಯ ಲೆಕ್ಕ ಇಡುವ ಯೂಪವರ್ ಸೇವೆಯದೂ ಅಂಥದ್ದೇ. ಕೊನೆಯ ಸಾಲಿಗೆ ಬಂದಾಗ ಕಣ್ಣು ನಿಂತಿತು. ಯಾವುದನ್ನು ಎಂಬಲ್ಲಿ "ಹ್ಯಾಂಡಲ್-ಲಿಡ್-ಸ್ವಿಚ್". ಬಗೆ "ಬ್ಲಾಕ್", ಅಂದರೆ ಪೂರ್ತಿ ತಡೆ. ಯಾಕೆ ಎಂಬಲ್ಲಿ "ಯೂಸರ್ ಪ್ರಿಫರೆನ್ಸ್", ಅಂದರೆ ಬಳಸುವವರ ಇಷ್ಟ.

ಬಳಸುವವನು ನಾನೇ. ಎಷ್ಟೋ ತಿಂಗಳ ಹಿಂದೆ ದೊಡ್ಡದೊಂದು ಡೌನ್‌ಲೋಡ್ ಇತ್ತು. ಮುಚ್ಚಳ ಮುಚ್ಚಿದರೂ ಅದು ನಡೆಯಲಿ ಎಂದು ಸೆಟ್ಟಿಂಗ್ಸ್ ಉಪಕರಣವೊಂದರಲ್ಲಿ ಒಂದು ಗುಂಡಿ ಸರಿಸಿದ್ದೆ. ಆ ಗುಂಡಿ ಕಾನ್ಫಿಗ್ ಫೈಲನ್ನು ಮುಟ್ಟುವುದಿಲ್ಲ. ಲಾಗಿನ್ ಆದಾಗಲೆಲ್ಲ ತಾನಾಗಿ ಶುರುವಾಗುವ ಒಂದು ಪುಟ್ಟ ಪ್ರೋಗ್ರಾಂ ಇಟ್ಟು, ಅದರ ಕೈಯಲ್ಲಿ ಈ ತಡೆಯನ್ನು ಹಿಡಿಸುತ್ತದೆ. ಅದಾದ ಮೇಲೆ ಬಹುತೇಕ ದಿನ ನನ್ನ ಯಂತ್ರ ಮೇಜಿನ ಮೇಲೇ ಇತ್ತು, ತಡೆ ಇರುವುದು ಗಮನಕ್ಕೆ ಬರಲಿಲ್ಲ. ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ಆಟೋಸ್ಟಾರ್ಟ್ ಎಂಬಲ್ಲಿ ಆ ಫೈಲ್ ಸಿಕ್ಕಿತು. ಗುಂಡಿಯನ್ನು ಮರಳಿ ಸರಿಸಿ, ಲಾಗ್‌ಔಟ್ ಆಗಿ ಬಂದು, ಒಂದು ನಿಮಿಷ ಬಿಟ್ಟು ಮುಚ್ಚಳ ಮುಚ್ಚಿದೆ. ಪವರ್ ದೀಪ ನಿಧಾನವಾಗಿ ಮಿನುಗತೊಡಗಿತು.

ಈ ತಡೆಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಜನ ಎರಡೂ ದಿಕ್ಕಿನಲ್ಲಿ ಮೋಸ ಹೋಗುತ್ತಾರೆ. ತಡೆಗಳಲ್ಲಿ ಮೇಲ್ಮಟ್ಟದವು, ಕೆಳಮಟ್ಟದವು ಎಂದು ಎರಡು. "ಸ್ಲೀಪ್" ಎಂಬುದರ ಮೇಲಿನ ಬ್ಲಾಕ್ ಬಗೆಯ ತಡೆ ಮೇಲ್ಮಟ್ಟದ್ದು. ಮುಚ್ಚಳ ಮುಚ್ಚಿದಾಗ ಲಾಗಿನ್‌ಡಿ ಅಂಥವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಲಿಡ್‌ಸ್ವಿಚ್‌ಇಗ್ನೋರ್‌ಇನ್‌ಹಿಬಿಟೆಡ್" ಎಂಬ ಸೆಟ್ಟಿಂಗ್ ಮೂಲದಲ್ಲೇ ಯೆಸ್ ಎಂದಿರುವುದು ಇದಕ್ಕಾಗಿ. ಬ್ಯಾಗಿಗೆ ಹೋಗುವ ಯಂತ್ರ ಯಾವುದೋ ಪ್ರೋಗ್ರಾಂನ ಮಾತು ಕೇಳಿ ಎಚ್ಚರವಾಗಿ ಕೂರಬಾರದು ಎಂಬ ಯೋಚನೆ ಅದರ ಹಿಂದಿದೆ, ನನಗೆ ಅದು ತುಂಬ ಸರಿ ಅನಿಸುತ್ತದೆ. ಹಾಗಾಗಿ ಒಂದು ಪ್ರೋಗ್ರಾಂ ಬರೀ "ಸ್ಲೀಪ್" ತಡೆ ಹಿಡಿದು ಕೆಲಸ ಮಾಡುತ್ತಿದ್ದರೆ, ಮುಚ್ಚಳ ಮುಚ್ಚಿದಾಗ ಅದು ನಡುವೆಯೇ ನಿಂತುಹೋಗುತ್ತದೆ. ಆದರೆ "ಹ್ಯಾಂಡಲ್-ಲಿಡ್-ಸ್ವಿಚ್" ಮೇಲಿನ ತಡೆ ಕೆಳಮಟ್ಟದ್ದು. ಅದನ್ನು ಲಾಗಿನ್‌ಡಿ ಯಾವಾಗಲೂ ಗೌರವಿಸುತ್ತದೆ. ನೀವು ಕಾನ್ಫಿಗ್‌ನಲ್ಲಿ ಏನು ಬರೆದರೂ ಅಷ್ಟೆ.

ಡೆಸ್ಕ್‌ಟಾಪುಗಳು ಮುಚ್ಚಳವನ್ನು ತಮ್ಮ ಕೈಗೆ ತೆಗೆದುಕೊಳ್ಳುವುದು ಇದೇ ತಡೆಯ ಮೂಲಕ. ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪಿನಲ್ಲಿ ಅದರ ಪವರ್ ಮ್ಯಾನೇಜರ್ ಪವರ್‌ಡೆವಿಲ್ ಈ ತಡೆ ಹಿಡಿದು, "ಲಾಗಿನ್‌ಡಿ, ನೀನು ಸುಮ್ಮನಿರು, ಮುಚ್ಚಳದ ವಿಷಯ ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತದೆ. ಅಲ್ಲಿ ನೀವು ತಿದ್ದಬೇಕಾದದ್ದು ಸಿಸ್ಟಂ ಸೆಟ್ಟಿಂಗ್ಸ್‌ನ ಪವರ್ ಪುಟವನ್ನು. ಚಾರ್ಜರ್ ಇದ್ದಾಗ, ಬ್ಯಾಟರಿಯಲ್ಲಿದ್ದಾಗ, ಬ್ಯಾಟರಿ ಕಡಿಮೆಯಾದಾಗ ಎಂದು ಮೂರು ವಿಭಾಗ ಇರುತ್ತವೆ, ಮೂರನ್ನೂ ನೋಡಬೇಕು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನಲ್ಲೂ ಪವರ್ ಮ್ಯಾನೇಜರ್ ಹೀಗೇ ಮಾಡುತ್ತದೆ. ಲಾಗಿನ್‌ಡಿಗೇ ಬಿಟ್ಟುಕೊಡು ಎನ್ನಲು ಅದರ ಸೆಟ್ಟಿಂಗ್‌ಗಳನ್ನು ಇಡುವ ಎಕ್ಸ್‌ಎಫ್‌ಕಾನ್ಫ್‌ನಲ್ಲಿ ಪ್ರತ್ಯೇಕ ಆಯ್ಕೆ ಇದೆ. ಗ್ನೋಮ್ ಡೆಸ್ಕ್‌ಟಾಪ್ ಬಹುಮಟ್ಟಿಗೆ ಲಾಗಿನ್‌ಡಿಗೇ ಬಿಡುತ್ತದೆ, ಹೊರಗಿನ ಮಾನಿಟರ್ ಇದ್ದಾಗ ಮಾತ್ರ ತಡೆ ಹಿಡಿಯುತ್ತದೆ.

ಇದರಿಂದ ಇನ್ನೊಂದು ವಿಚಿತ್ರ ಹುಟ್ಟುತ್ತದೆ. ನೀವು ಡೆಸ್ಕ್‌ಟಾಪಿನಲ್ಲಿ "ಮುಚ್ಚಿದರೆ ಏನೂ ಮಾಡಬೇಡ" ಎಂದು ಇಟ್ಟಿದ್ದೀರಿ, ಲಾಗಿನ್ ಆಗಿದ್ದಾಗ ಸರಿಯಾಗಿ ನಡೆಯುತ್ತದೆ. ಆದರೆ ಯಂತ್ರ ಆನ್ ಮಾಡಿ, ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ಮುಚ್ಚಳ ಮುಚ್ಚಿದರೆ ಮಲಗಿಬಿಡುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಸೆಶನ್ ಇಲ್ಲ, ನಿಮ್ಮ ಪವರ್‌ಡೆವಿಲ್ ಇಲ್ಲ, ತಡೆ ಹಿಡಿಯುವವರು ಯಾರೂ ಇಲ್ಲ. ಲಾಗಿನ್‌ಡಿ ತನ್ನ ಮೂಲ ಬೆಲೆಯಂತೆ ನಡೆಯುತ್ತದೆ.

ತಾತ್ಕಾಲಿಕ ಕೆಲಸಕ್ಕೆ ಶಾಶ್ವತ ಸೆಟ್ಟಿಂಗ್ ಬದಲಿಸಬೇಡಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅದೇ "ಸಿಸ್ಟಂಡಿ-ಇನ್‌ಹಿಬಿಟ್" ಕಮಾಂಡಿಗೆ ಹ್ಯಾಂಡಲ್-ಲಿಡ್-ಸ್ವಿಚ್ ತಡೆ ಎಂದು ಹೇಳಿ, ಮುಂದೆ ನಿಮ್ಮ ಕಾಪಿ ಮಾಡುವ ಅಥವಾ ಬ್ಯಾಕಪ್‌ನ ಕಮಾಂಡ್ ಬರೆಯಿರಿ. ಆ ಕೆಲಸ ನಡೆಯುವಷ್ಟು ಹೊತ್ತು ತಡೆ ಇರುತ್ತದೆ, ಮುಗಿದ ಕ್ಷಣ ತಾನಾಗಿ ಹೋಗುತ್ತದೆ. ನೆನಪಿಡಬೇಕಾದ್ದು ಎರಡು. ಇದು ಲಾಗಿನ್‌ಡಿಗೆ ಹೇಳುವ ಮಾತು, ಮುಚ್ಚಳವನ್ನು ತಾನೇ ನೋಡಿಕೊಳ್ಳುವ ಡೆಸ್ಕ್‌ಟಾಪಿಗೆ ಇದು ಕೇಳಿಸುವುದಿಲ್ಲ. ಮತ್ತು ಎಸ್‌ಎಸ್‌ಎಚ್ ಮೂಲಕ ಬಂದವರಿಗೆ ಈ ತಡೆ ಹಾಕಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಸೂಡೋ (ನಿರ್ವಾಹಕರ ಅಧಿಕಾರ) ಬೇಕಾಗುತ್ತದೆ.

ಇಲ್ಲದ ಮಾನಿಟರ್

ಡಾಕ್ಡ್ ಎಂಬ ಪದ ನೋಡಿ "ನನ್ನ ಹತ್ತಿರ ಡಾಕ್ ಇಲ್ಲವಲ್ಲ" ಎಂದು ಮುಂದೆ ಹೋಗಬೇಡಿ. ಲಾಗಿನ್‌ಡಿಯ ಲೆಕ್ಕದಲ್ಲಿ ಹೊರಗಿನ ಒಂದು ಡಿಸ್‌ಪ್ಲೇ ಇದ್ದರೂ ಅದು ಡಾಕ್ ಆದಂತೆಯೇ, ಆಗ ಮೂಲ ಬೆಲೆ ಇಗ್ನೋರ್. ಮಾನಿಟರಿನ ಗುಂಡಿ ಒತ್ತಿ ಆರಿಸಿದ್ದೇನೆ ಎಂದರೂ ಕೇಬಲ್ ಇದ್ದರೆ ಹಲವು ಮಾನಿಟರುಗಳು ಇದ್ದೇವೆ ಎಂದೇ ಹೇಳುತ್ತವೆ. ಕೆಲವು ಅಡಾಪ್ಟರುಗಳು ಆ ತುದಿಯಲ್ಲಿ ಏನೂ ಇಲ್ಲದಿದ್ದರೂ ಮಾನಿಟರ್ ಇದೆ ಎಂದು ನಂಬಿಸುತ್ತವೆ. ಸಿಸ್ (ಕರ್ನೆಲ್ ತನ್ನ ಸ್ಥಿತಿ ತೋರಿಸುವ ಫೋಲ್ಡರ್) ಕೆಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಎಂಬಲ್ಲಿ ಪ್ರತಿ ಪೋರ್ಟಿಗೂ ಸ್ಟೇಟಸ್ ಎಂಬ ಫೈಲ್ ಇದೆ. ಒಳಗಿನ ಪರದೆ ಬಿಟ್ಟು ಬೇರೆ ಯಾವುದಾದರೂ "ಕನೆಕ್ಟೆಡ್" ಎಂದರೆ ಕಾರಣ ಸಿಕ್ಕಿತು.

ಮಲಗಿದ ಮೇಲೆ

ಮಲಗುತ್ತದೆ, ಆದರೂ ಬೆಳಿಗ್ಗೆ ಬ್ಯಾಟರಿ ಖಾಲಿ ಎನ್ನುವವರಿಗೆ ಎರಡು ಮಾತು. ಸಿಸ್ ಕೆಳಗಿನ ಪವರ್ ಫೋಲ್ಡರಿನಲ್ಲಿ ಮೆಮ್-ಸ್ಲೀಪ್ ಎಂಬ ಫೈಲ್ ಓದಿ (ಪದಗಳ ನಡುವೆ ಅಂಡರ್‌ಸ್ಕೋರ್ ಇದೆ). ಅದರಲ್ಲಿ "ಎಸ್2ಐಡಲ್" ಮತ್ತು "ಡೀಪ್" ಎಂಬ ಪದಗಳಿರಬಹುದು, ಚೌಕ ಕಂಸದೊಳಗೆ ಇರುವುದು ಈಗ ಜಾರಿಯಲ್ಲಿರುವುದು. ಡೀಪ್ ಎಂದರೆ ಹಳೆಯ ಎಸ್3 ನಿದ್ದೆ, ಮೆಮೊರಿಗೆ ಬಿಟ್ಟು ಉಳಿದೆಲ್ಲಕ್ಕೂ ಬಹುಪಾಲು ವಿದ್ಯುತ್ ಕಡಿತ. ಎಸ್2ಐಡಲ್‌ನಲ್ಲಿ ಪ್ರತಿ ಭಾಗವೂ ತಾನಾಗಿ ತಣ್ಣಗಾಗಬೇಕು. ಒಂದು ಭಾಗ ಎಚ್ಚರವಿದ್ದರೂ ಬ್ಯಾಟರಿ ಸೋರುತ್ತದೆ. ಎರಡೂ ಇದ್ದರೆ ಕರ್ನೆಲ್ ಪ್ಯಾರಾಮೀಟರ್ (ಬೂಟ್ ಹೊತ್ತಿನಲ್ಲಿ ಕರ್ನೆಲ್‌ಗೆ ಕೊಡುವ ಸೂಚನೆ) ಮೂಲಕ ಡೀಪ್ ಆರಿಸಿ ನೋಡಬಹುದು. ಎಸ್2ಐಡಲ್ ಒಂದೇ ಇದ್ದರೆ ತಯಾರಕರು ಎಸ್3 ಕೊಟ್ಟಿಲ್ಲ. ಫರ್ಮ್‌ವೇರ್ ಸೆಟಪ್‌ನಲ್ಲಿ ಆಯ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ರಾತ್ರಿಗೆ ಹೈಬರ್ನೇಟ್ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಪೂರ್ತಿ ಆರುವುದು) ಯೋಚಿಸಿ.

ಎಬ್ಬಿಸುತ್ತಿರುವವರು ಯಾರು ಎಂಬುದಕ್ಕೆ ಪ್ರಾಕ್ (ಇದೂ ಸಿಸ್‌ನಂಥದ್ದೇ ಫೋಲ್ಡರ್) ಕೆಳಗೆ ಎಸಿಪಿಐ, ಅದರೊಳಗೆ ವೇಕಪ್ ಫೈಲ್. ಅಲ್ಲಿರುವ ಯುಎಸ್‌ಬಿ ಕಂಟ್ರೋಲರ್ ಸಾಮಾನ್ಯ ಆರೋಪಿ. ಮೌಸ್ ಅಲುಗಿದರೆ ಸಾಕು, ಯಂತ್ರ ಎದ್ದು ಕೂರುತ್ತದೆ. ಹೆಸರನ್ನು ಆ ಫೈಲಿಗೇ ಬರೆದರೆ ಆನ್ ಇದ್ದದ್ದು ಆಫ್ ಆಗುತ್ತದೆ, ಮತ್ತೆ ಬರೆದರೆ ಮತ್ತೆ ಆನ್. ರೀಬೂಟ್ ಆದರೆ ಅಳಿಸಿಹೋಗುತ್ತದೆ, ಆದ್ದರಿಂದ ಖಾತ್ರಿಯಾದ ಮೇಲೆ ಬೂಟ್‌ನಲ್ಲಿ ಓಡುವ ಸಣ್ಣ ಸೇವೆಯಾಗಿ ಇಡಿ.

ಕೇಳಿದ ಪ್ರಶ್ನೆಗಳು

ಹಳೆಯ ಲ್ಯಾಪ್‌ಟಾಪನ್ನು ಸರ್ವರ್ ಮಾಡಿ ಮುಚ್ಚಳ ಮುಚ್ಚಿಯೇ ಇಡಬಹುದೇ ಎಂದು ಒಬ್ಬರು ಕೇಳಿದರು. ಖಂಡಿತ. ಮುಚ್ಚಳದ ಮೂರೂ ಸಾಲುಗಳಿಗೆ ಇಗ್ನೋರ್ ಕೊಡಿ. ಗ್ರಾಫಿಕಲ್ ಡೆಸ್ಕ್‌ಟಾಪ್ ಇಲ್ಲದಿದ್ದರೆ ಮುಚ್ಚಿದ ಮೇಲೂ ಒಳಗಿನ ಪರದೆ ಉರಿಯುತ್ತಿರಬಹುದು. "ಕನ್ಸೋಲ್‌ಬ್ಲ್ಯಾಂಕ್" ಎಂಬ ಕರ್ನೆಲ್ ಪ್ಯಾರಾಮೀಟರಿಗೆ 60 ಎಂದು ಕೊಟ್ಟರೆ ಒಂದು ನಿಮಿಷಕ್ಕೆ ಆರುತ್ತದೆ. ಕೀಬೋರ್ಡಿನ ಮೂಲಕ ಬಿಸಿ ಹೊರಹಾಕುವ ಮಾದರಿಗಳಲ್ಲಿ ಮುಚ್ಚಿಟ್ಟರೆ ತಾಪ ಏರುತ್ತದೆ, ಮೊದಲ ದಿನ ಸೆನ್ಸರ್ ಅಂಕಿಗಳ ಮೇಲೆ ಕಣ್ಣಿಡಿ.

ಇನ್ನೊಬ್ಬರು ತಮ್ಮ ಲ್ಯಾಪ್‌ಟಾಪನ್ನೇ ತಂದಿದ್ದರು. ಮುಚ್ಚಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ, ಆದರೆ ಪಾಸ್‌ವರ್ಡ್ ಕೊಟ್ಟು ಕೆಲಸ ಶುರು ಮಾಡುವಷ್ಟರಲ್ಲಿ ಮತ್ತೆ ಮಲಗುತ್ತದೆ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. "ಅರ್ಧ ನಿಮಿಷ" ಎಂದರು. ಎಲ್ಲರ ಎದುರಿಗೆ ಪ್ರಾಕ್ ಕೆಳಗೆ ಎಸಿಪಿಐ, ಬಟನ್, ಲಿಡ್ ಎಂದು ಇಳಿಯುತ್ತ ಹೋಗಿ ಸ್ಟೇಟ್ ಎಂಬ ಫೈಲ್ ಓದಿದೆವು. ಮುಚ್ಚಳ ತೆರೆದಿದೆ, ನಾವು ಪರದೆ ನೋಡುತ್ತಿದ್ದೇವೆ, ಫೈಲ್ "ಕ್ಲೋಸ್ಡ್" ಎನ್ನುತ್ತಿದೆ. ಜರ್ನಲ್‌ನಲ್ಲಿ "ಲಿಡ್ ಓಪನ್ಡ್" ಸಾಲೇ ಇಲ್ಲ. ಕೆಲವು ಯಂತ್ರಗಳ ಫರ್ಮ್‌ವೇರ್ ಮುಚ್ಚಿದ್ದನ್ನು ಹೇಳುತ್ತದೆ, ತೆರೆದದ್ದನ್ನು ಹೇಳುವುದಿಲ್ಲ. ಲಾಗಿನ್‌ಡಿ 30 ಸೆಕೆಂಡು ಕಾಯುತ್ತದೆ, ಆಮೇಲೂ ಮುಚ್ಚಳ ಮುಚ್ಚಿದೆ ಎಂದೇ ಅದಕ್ಕೆ ಕಾಣುವುದರಿಂದ ಮಲಗಿಸುತ್ತದೆ. ಕರ್ನೆಲ್‌ನ ಬಟನ್ ಡ್ರೈವರಿಗೆ ಇದಕ್ಕೆಂದೇ "ಲಿಡ್-ಇನಿಟ್-ಸ್ಟೇಟ್" ಎಂಬ ಪ್ಯಾರಾಮೀಟರ್ ಇದೆ. ಅದಕ್ಕೆ ಓಪನ್ ಎಂದು ಕೊಟ್ಟರೆ, ಎದ್ದಾಗಲೆಲ್ಲ ಮುಚ್ಚಳ ತೆರೆದಿದೆ ಎಂದು ಕರ್ನೆಲ್ ತಾನೇ ಮೇಲಿನವರಿಗೆ ಹೇಳುತ್ತದೆ.

ಅಲ್ಲೇ ಗ್ರಬ್ (ಕರ್ನೆಲನ್ನು ಬೂಟ್ ಮಾಡುವ ಪ್ರೋಗ್ರಾಂ) ಸೆಟ್ಟಿಂಗ್ ತಿದ್ದಿ ರೀಬೂಟ್ ಮಾಡಿಸಿದೆವು. ಒಂದು ನಿಮಿಷ ಬಿಟ್ಟು ಅವರು ಮುಚ್ಚಳ ಮುಚ್ಚಿದರು. ದೀಪ ಮಿನುಗಿತು. ತೆರೆದರು, ಪಾಸ್‌ವರ್ಡ್ ಕೊಟ್ಟರು. ಮುಂದಿನ ಸಾಲಿನವರು ಎದ್ದು ಬಂದು ಮೇಜಿನ ಸುತ್ತ ನಿಂತರು, ಯಾರೋ ಸೆಕೆಂಡು ಎಣಿಸತೊಡಗಿದರು. ಮೂವತ್ತಾಯಿತು, ನಲವತ್ತಾಯಿತು, ಪರದೆ ಬೆಳಗುತ್ತಲೇ ಇತ್ತು.